ಪುಟ್ಟಮಾದಪ್ಪ ಮೇಷ್ಟ್ರ ವ್ಯಾನಿನ ರೇಡಿಯೋ ಸ್ಟೇಷನ್ನು

1961ರಲ್ಲಿ ನಾನು ಮೈಸೂರಿನ ಸರಸ್ವತಿಪುರಂನಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವನು ನಾನು. ಊರಿಗೆ ಮರಳಿದ ಮೇಲೆ ಅದೇ ವಿದ್ಯೆ ಅನ್ನ ಹಾಕಿತು. ದಿನವಿಡೀ ಸುಟ್ಟ ವಾಲ್ವುಗಳು, ಕರಕಲಾದ ಟ್ರಾನ್ಸ್‌ಫಾರ್ಮರುಗಳು, "ನಿನ್ನೆವರೆಗೂ ಚೆನ್ನಾಗೇ ಆಡ್ತಿತ್ತು ಕಣ್ರೀ" ಎಂದು ನನ್ನನ್ನೇ ಅನುಮಾನದಿಂದ ನೋಡುವ ಗಿರಾಕಿಗಳು. ರಿಪೇರಿ ಮಾಡಿದ ಸೆಟ್ಟುಗಳೆಲ್ಲ ಮರೆತುಹೋಗಿವೆ. ಒಂದು ಹಳೆಯ ವ್ಯಾನಿನೊಳಗೆ ಕೂರಿಸಿದ ಸ್ಟೇಷನ್ನು ಮಾತ್ರ ಮರೆತಿಲ್ಲ.

ವ್ಯಾನು ಪುಟ್ಟಮಾದಪ್ಪ ಮೇಷ್ಟ್ರದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾಗಿ ಜಯಲಕ್ಷ್ಮಿಪುರಂನಲ್ಲಿದ್ದರು. ನನ್ನ ಹಾಗೆ ಅವರಿಗೂ ಹವ್ಯಾಸಿ ರೇಡಿಯೋ ಲೈಸೆನ್ಸ್ ಇತ್ತು. ಅಂದರೆ ಸ್ವಂತ ಸ್ಟೇಷನ್ ಇಟ್ಟುಕೊಂಡು ದೂರದ ಹವ್ಯಾಸಿಗಳೊಡನೆ ಸಂಭಾಷಿಸಲು ಸರ್ಕಾರ ಕೊಡುವ ಅಪ್ಪಣೆ. ಮಾತು ಬಾಯಿಂದಲ್ಲ, ಮೋರ್ಸ್ ಕೀಯಿಂದ: ಚುಕ್ಕೆಗೆ ಗಿಡ್ಡ ಸದ್ದು, ಗೆರೆಗೆ ಉದ್ದ ಸದ್ದು. ಕೀ ಒತ್ತುವ ರೀತಿ ಒಬ್ಬೊಬ್ಬರದು ಒಂದೊಂದು. ಅದನ್ನು ನಾವು 'ಕೈ' ಅನ್ನುತ್ತೇವೆ. ಮೇಷ್ಟ್ರ ಕೈ, ಹುಡುಗರು ಬರೆದುಕೊಳ್ಳಲಿ ಎಂದು ಬೋರ್ಡಿನ ಮುಂದೆ ಕಾಯುವವರ ಹಾಗೆ, ಪದಪದಕ್ಕೂ ನಿಲ್ಲುತ್ತಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಅವರ ಹರಟೆ ಸಿಲೋನಿನ ಕ್ಯಾಂಡಿಯಲ್ಲಿದ್ದ ಪೆರೇರಾ ಎಂಬ ಹವ್ಯಾಸಿಯೊಡನೆ. ವರ್ಷಗಟ್ಟಲೆ ಮಾತಾಡಿದ್ದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಮಾತು ಮುಗಿದಾಗ ಇಬ್ಬರೂ ಒಬ್ಬರಾದ ಮೇಲೊಬ್ಬರು ಎರಡು ಚುಕ್ಕೆ ಒತ್ತಬೇಕು, ಟಿಕ್ ಟಿಕ್. ಆಮೇಲೆ ಏನನ್ನೂ ಕಳಿಸುವಂತಿಲ್ಲ. ಅದು ನಮ್ಮವರ ಪದ್ಧತಿ. ಮೇಷ್ಟ್ರ ಹೆಂಡತಿ ಗೌರಮ್ಮನವರಿಗೆ ಮೋರ್ಸ್‌ನ ಒಂದಕ್ಷರವೂ ಬಾರದು. ಆದರೆ ಆ ಎರಡು ಟಿಕ್ ಕಿವಿಗೆ ಬಿದ್ದೊಡನೆ ಅಡುಗೆಮನೆಯಲ್ಲಿ ಕಾಫಿಗೆ ಹಾಲಿಡುತ್ತಿದ್ದರು.

ಹೀಗಿರುವಾಗ ಅವರ ಪಕ್ಕದ ಸೈಟಿನಲ್ಲಿ ಹಿಟ್ಟಿನ ಮಿಲ್ಲು ಬಂತು. ಅದರ ಮೋಟಾರು ತಿರುಗಿತೆಂದರೆ ರೇಡಿಯೋದಲ್ಲಿ ಬರೀ ಗರಗರ. ಪೆರೇರಾ ಆ ಸದ್ದಿನಡಿ ಮುಳುಗಿಹೋದರು. ಮೇಷ್ಟ್ರು ಮಿಲ್ಲಿನವರೊಡನೆ ಜಗಳ ಕಾಯಲಿಲ್ಲ. ಹರಾಜಿನಲ್ಲಿ ಒಂದು ಹಳೆಯ ಆಂಬುಲೆನ್ಸ್ ವ್ಯಾನು ಹಿಡಿದು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದರು. ಕರೆಂಟಿನ ಹಂಗಿಲ್ಲದ ಸ್ಟೇಷನ್ ಅದರಲ್ಲಿ ಆಗಬೇಕು, ಗಂಡ ಹೆಂಡತಿ ಅದರಲ್ಲೇ ಉಂಡು ಮಲಗುತ್ತ ರಾಮೇಶ್ವರದವರೆಗೆ ಹೋಗಬೇಕು. ಅಲ್ಲಿಂದ ಕೀ ಒತ್ತಿದರೆ ಪೆರೇರಾನ ಬಾಗಿಲು ತಟ್ಟಿದ ಹಾಗೆ ಎನ್ನುತ್ತಿದ್ದರು. ಸ್ಟೇಷನ್ನನ್ನು ಊರೂರಿಗೆ ಒಯ್ಯಲು ಬೇಕಾದ ಅಪ್ಪಣೆಯನ್ನೂ ತರಿಸಿಟ್ಟಿದ್ದರು.

ನಾನು ಕೆಲಸ ಹಿಡಿದೆ. ಮಲಗಲು ಒಂದು ಹಲಗೆ, ಅದರ ಕೆಳಗೆ ಎರಡು ಲಾರಿ ಬ್ಯಾಟರಿ. ವಾಲ್ವಿನ ಟ್ರಾನ್ಸ್‌ಮಿಟರಿಗೆ ಬ್ಯಾಟರಿಯ ವೋಲ್ಟು ಏನೇನೂ ಸಾಲದು. ಅದನ್ನು ನೂರಾರು ವೋಲ್ಟಿಗೆ ಏರಿಸಲು ಡೈನಮೋಟರ್ ಎಂಬ ತಿರುಗುವ ಯಂತ್ರ ಬೇಕು. ಮಿಲಿಟರಿಯ ಹಳೇ ಸಾಮಾನು ಮಾರುವವರಲ್ಲಿ ಒಂದು ಸಿಕ್ಕಿತು. ಏರಿಯಲ್ ತಂತಿ ಕಟ್ಟಲು ಬಂಬೂ ಬಜಾರಿನಿಂದ ಎರಡು ಗಳ ತಂದೆ. ಗೌರಮ್ಮನವರ ತಕರಾರು ಒಂದೇ: ಸೀಮೆಎಣ್ಣೆ ಸ್ಟೋವಿಗೆ ಜಾಗವಿಲ್ಲ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಹತ್ತಿರ ಬೆಂಕಿ ಕೂಡದು ಎಂದು ನಾನು ಹಟ ಹಿಡಿದೆ. ಕಾಫಿ ಇಲ್ಲದ ರಾಮೇಶ್ವರ ತಮಗೆ ಬೇಡವೆಂದು ಅವರು ಹಟ ಹಿಡಿದರು. ಕೊನೆಗೆ ಹಿಂಬಾಗಿಲ ಹೊರಗೆ ಮಡಚುವ ಹಲಗೆಯೊಂದನ್ನು ಹಾಕಿಕೊಟ್ಟು ಪಾರಾದೆ.

ವ್ಯಾನಿಗೆ ಬಣ್ಣ ಬಳಿಯುವುದೊಂದು ಬಾಕಿಯಿದ್ದಾಗ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ದೂರ ಪ್ರಯಾಣದ ಮಾತೇ ಬೇಡ ಎಂದರು ಡಾಕ್ಟರು. ಪೆರೇರಾಗೆ ಯಾರೂ ತಿಳಿಸಕೂಡದೆಂದು ಮೇಷ್ಟ್ರು ಕೈಸನ್ನೆಯಲ್ಲೇ ಕಟ್ಟಪ್ಪಣೆ ಮಾಡಿದ್ದರಂತೆ. ಒಂದು ದಿನ ಗೌರಮ್ಮನವರು ನಡೆದುಕೊಂಡೇ ಅಂಗಡಿಗೆ ಬಂದರು.

"ಶಿವಣ್ಣ, ರಾಮೇಶ್ವರ ಗೀಮೇಶ್ವರ ಏನೂ ಬ್ಯಾಡ. ಪೆರೇರಾ ಜೊತೆ ಅವರನ್ನ ಒಂದ್ಸಲ ಮಾತಾಡ್ಸಿಬುಡಿ. ಭಾನುವಾರ ಬಂದ್ರೆ ಗೋಡೆ ಕಡೆ ತಿರುಕ್ಕೊಂಡು ಅಳ್ತಾರೆ ಕಣ್ರೀ."

ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಹಲಗೆಯ ಮೇಲೆ ಮಲಗಿಸಿಕೊಂಡು, ಕರೆಂಟಿನ ಕಂಬಗಳಿಂದ ದೂರವಾಗಿ, ಬನ್ನಿಮಂಟಪದಾಚೆಯ ಬಯಲಿಗೆ ವ್ಯಾನು ಓಡಿಸಿದೆ. ಗಳ ನೆಟ್ಟು ತಂತಿ ಎಳೆದೆ. ಕೀಯನ್ನು ನಾನು ಕೂರುವ ಕಡೆ ಮೇಜಿಗೆ ಬಿಗಿದು ಅದಕ್ಕೆ ಗೇಣುದ್ದದ ವಯರು ಬಿಟ್ಟಿದ್ದೆ. ಒತ್ತುವವನು ನಾನೇ ತಾನೇ ಎಂದುಕೊಂಡಿದ್ದೆ. ಮೇಷ್ಟ್ರು ನನ್ನ ತೋಳು ಹಿಡಿದು ಕಷ್ಟಪಟ್ಟು ಹೇಳಿದರು: "ನನ್ ಕೈ ನಿಂಗೊತ್ತು. ಹಂಗೇ ಒತ್ತು. ಹೇಳ್ಬೇಡ."

ಸ್ಪೀಕರಿನಲ್ಲಿ ಗರಗರ ಇರಲಿಲ್ಲ. ಮೇಷ್ಟ್ರ ಸ್ಟೇಷನ್ನಿನ ಹೆಸರನ್ನು ಕೀಯಲ್ಲಿ ಒತ್ತಿದೊಡನೆ ಪೆರೇರಾ ಓಗೊಟ್ಟರು. ಇಷ್ಟು ಭಾನುವಾರವೂ ಕಾಯುತ್ತಲೇ ಇದ್ದರೇನೋ. ನಾನು ಪದಪದಕ್ಕೂ ನಿಲ್ಲಿಸಿ, ಅವರ ಹಾಗೆಯೇ ಕುಶಲ ಕೇಳಿದೆ. ಸೈನ್ಯದಲ್ಲಿ ಪಳಗಿದವನೆಂಬ ಜಂಬ ನನಗೆ. ಎರಡು ಸಾಲು ಮುಗಿಯುವಷ್ಟರಲ್ಲಿ ಪೆರೇರಾ ತಡೆದರು.

"ಇದು ಅವರ ಕೈಯಲ್ಲ. ಅವರೆಲ್ಲಿ?"

ನಾನು ತಿರುಗಿ ನೋಡಿದೆ. ಮೇಷ್ಟ್ರ ಕಿವಿ ಚುರುಕಾಗಿಯೇ ಇತ್ತು, ಕಣ್ಣು ತುಂಬಿತ್ತು. ಕೈ ಉಳುಕಿದೆ ಎಂದು ಏನೋ ಒಂದು ಒತ್ತಲು ಹೊರಟೆ. ಅವರು ಎಡಗೈ ಚಾಚಿದರು. ಕೀ ಎಟುಕಲಿಲ್ಲ. ಆ ಗೇಣುದ್ದದ ವಯರನ್ನು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಗೌರಮ್ಮನವರೂ ನಾನೂ ಸೇರಿ ಅವರನ್ನು ಎತ್ತಿ ಮೇಜಿನವರೆಗೆ ತಂದು ಒರಗಿಸಿಕೊಂಡೆವು.

ಅವರು ಎಡಗೈಯಿಂದ ಕೀ ಒತ್ತಿದರು. ಚುಕ್ಕೆ ಬೇಕಾದಲ್ಲಿ ಗೆರೆ ಬಂತು, ಗೆರೆ ಬೇಕಾದಲ್ಲಿ ಏನೂ ಬರಲಿಲ್ಲ. ಒಂದಕ್ಷರವೂ ಅಕ್ಷರವಾಗಲಿಲ್ಲ. ಅವರು ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಒತ್ತಿದರು. ಎರಡು ಚುಕ್ಕೆ, ಸ್ಪಷ್ಟವಾಗಿ.

ಪೆರೇರಾ ಏನಾದರೂ ಕೇಳಬಹುದೆಂದು ಕಾದೆ. ಅವರು ಏನನ್ನೂ ಕೇಳದೆ ಎರಡೇ ಚುಕ್ಕೆ ಹಿಂದಿರುಗಿಸಿದರು.

ಮೇಷ್ಟ್ರನ್ನು ಮಲಗಿಸಿದೆವು. ಗೌರಮ್ಮನವರು ಹಿಂಬಾಗಿಲಿಗೆ ಹೋಗಿ ಸ್ಟೋವು ಹೊತ್ತಿಸಿ ಹಾಲಿಟ್ಟರು. ಆಮೇಲೆ ಗಂಡನ ಮುಖ ನೋಡಿ, "ಮುಗೀತಾ?" ಎಂದರು. "ಮುಗೀತಮ್ಮ" ಎಂದೆ. ಅವರು ಅಲ್ಲೇ ನಿಂತುಬಿಟ್ಟರು. ಹಾಲು ಉಕ್ಕಿ ಸ್ಟೋವು ಆರಿತು. ಬ್ಯಾಟರಿಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿಯಿತ್ತು. ಪೆರೇರಾಗೆ ಎಲ್ಲ ವಿವರಿಸಬಹುದಿತ್ತು. ಆದರೆ ಮಾತಿನ ಒಡೆಯರೇ ಮುಗಿಸಿದ ಮೇಲೆ ನಾನು ಹೇಳುವುದೇನು? ಡೈನಮೋಟರ್ ನಿಲ್ಲಿಸಿ, ವ್ಯಾನಿನ ಹಿಂದೆ ಹೋಗಿ ತಂತಿ ಸುತ್ತುತ್ತ ಅತ್ತೆ.

ಆ ಶ್ರಾವಣಕ್ಕೆ ಮೊದಲೇ ಮೇಷ್ಟ್ರು ತೀರಿಕೊಂಡರು. ಅದಾದ ಭಾನುವಾರ ನನ್ನ ಸ್ವಂತ ಸ್ಟೇಷನ್ನಿನಿಂದ ಪೆರೇರಾಗೆ ಸುದ್ದಿ ಕೊಟ್ಟೆ. "ಅವತ್ತೇ ಹೇಳಿ ಹೋದರು" ಎಂದರು. ಆ ಸಂಭಾಷಣೆಯ ಕೊನೆಯಲ್ಲಿ ಅವರೂ ಎರಡು ಚುಕ್ಕೆ ಒತ್ತಲಿಲ್ಲ, ನಾನೂ ಒತ್ತಲಿಲ್ಲ.

ಯಂತ್ರ ಕೂರಿಸಿಕೊಡುವುದಷ್ಟೇ ನನ್ನ ಕಸುಬು. ಅದರಲ್ಲಿ ಹೇಳುವ ಮಾತು ಅವರವರದೇ, ಎಷ್ಟೇ ತೊದಲಲಿ. ಇದನ್ನು ಕಲಿಯಲು ನನಗೆ ಮೇಷ್ಟ್ರ ಎಡಗೈ ಬೇಕಾಯಿತು. ಅಂದಿನಿಂದ ಯಾರ ಮನೆಯಲ್ಲಿ ಸ್ಟೇಷನ್ ಹೂಡಿಕೊಟ್ಟರೂ ಕೀಯ ವಯರನ್ನು ಉದ್ದ ಬಿಡುತ್ತ ಬಂದೆ. ಇಷ್ಟುದ್ದ ಯಾಕೆ ಎಂದು ಹುಡುಗರು ನಗುತ್ತಿದ್ದರು. ಹಾಸಿಗೆಯವರೆಗೆ ಎಟುಕಬೇಕು ಕಣ್ರಪ್ಪ ಎನ್ನುತ್ತಿದ್ದೆ.