ತೊಟ್ಟಿಲ ನಾಲ್ಕನೆಯ ಹಲಗೆ

ಕಲಘಟಗಿಯಲ್ಲಿ ತೊಟ್ಟಿಲುಗಳಿಗೆ ಅರಗಿನ ಬಣ್ಣದಲ್ಲಿ ಚಿತ್ರ ಬರೆಯುವ ಮಹಾನಂದಾ ಆ ಹಾಡು ಕೇಳದ ದಿನವಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನಲ್ಲಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದೇ ಸಾಲು: ‘ನಾ ಇಡಿಸಿದ ಹಸರ ಬಳಿ ಒಡದ ಹ್ವಾದೆಲ್ಲ ಗೆಳತಿ.’ ಬರೆದು ಹಾಡಿದವನು ಬಮ್ಮಿಗಟ್ಟಿಯ ಪ್ರತಾಪ. ಮೊಬೈಲಿನಲ್ಲಿ ಹಳದಿ ಅಂಗಿ ತೊಟ್ಟು ಕಣ್ಣೀರು ಹಾಕುತ್ತಾನೆ, ಜನ ಪಾಪ ಎಂದು ಮರುಗುತ್ತಾರೆ. ಮೋಸ ಮಾಡಿದ ಹುಡುಗಿ ಯಾರೆಂದು ಅವನೇ ಗೆಳೆಯರ ಕಿವಿಯಲ್ಲಿ ಊದಿದ್ದ. ಊರ ಬಾಯಿಗೆ ಅಷ್ಟೇ ಸಾಕಾಯಿತು. ಮಹಾನಂದಾಳಿಗೆ ಬಂದ ಎರಡು ಸಂಬಂಧ ಮುರಿದವು.

ಬಳೆ ಒಡೆದದ್ದು ನಿಜ. ಆದರೆ ಅವನ್ನು ಇಡಿಸಿದವಳು ಅವಳ ಅವ್ವ. ಬಮ್ಮಿಗಟ್ಟಿಯ ಸೋದರಮಾವನ ಕಬ್ಬಿನ ಹೊಲದಲ್ಲಿ ಈ ಭಾಡ್ಯಾ ಪ್ರತಾಪ ಅವಳ ಕೈ ಹಿಡಿದೆಳೆದ. ಅವಳು ಕೊಸರಿಕೊಂಡಾಗ ಬಳೆ ಚೂರಾದವು. ಮಣಿಕಟ್ಟಿನ ಮೇಲೆ ಗಾಯದ ಗೆರೆ ಇನ್ನೂ ಇದೆ. ಹೇಳಿದರೆ ನಂಬುವವರು ಯಾರು? ಹಾಡು ಸಾವಿರ ಬಾಯಲ್ಲಿತ್ತು, ಇವಳಿಗಿದ್ದದ್ದು ಒಂದೇ ಬಾಯಿ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ಮಹಾನಂದಾ ತಾಳಿದ್ದು ಬಾಳುವುದಕ್ಕಲ್ಲ, ತೀರಿಸಿಕೊಳ್ಳುವುದಕ್ಕೆ. ಹಾಡು ಬಂದ ಮೂರನೆಯ ವರ್ಷ ಶಲವಡಿಯ ಈರಬಸಪ್ಪ ಬಂದ. ಮಗಳು ಗಂಗಾ ಹೆಣ್ಣು ಹಡೆದಿದ್ದಾಳೆ, ತವರಿನ ತೊಟ್ಟಿಲು ಬೇಕು, ನಾಲ್ಕೂ ಕಡೆ ಕೃಷ್ಣನ ಬಾಲಲೀಲೆ ಇರಲಿ ಎಂದ. ಅಳಿಯ ದೊಡ್ಡ ಹಾಡುಗಾರ ಎಂದು ಮೊಬೈಲು ತೋರಿಸಿದ. ಹಳದಿ ಅಂಗಿ ಕಂಡಿತು. ಮಹಾನಂದಾ ಆಗಲಿ ಎಂದಳು.

ಮೂರು ಹಲಗೆಗಳ ಮೇಲೆ ಕೃಷ್ಣನನ್ನೇ ಬರೆದಳು. ಕೂಸಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ನಾಲ್ಕನೆಯದಕ್ಕೆ ಬಟ್ಟೆ ಸುತ್ತಿ, ಹೆಸರಿಡುವ ದಿನ ತಾನೇ ಶಲವಡಿಗೆ ಒಯ್ದು ತೊಟ್ಟಿಲು ಜೋಡಿಸಿದಳು. ಅವಳನ್ನು ಕಂಡ ಪ್ರತಾಪ ಮುಖ ತಿರುಗಿಸಿದ. ಇಷ್ಟು ವರ್ಷ ಬಾಯಿ ಬಿಡದವಳು ಇವತ್ತೇನು ಬಿಟ್ಟಾಳು ಎಂಬ ಧೈರ್ಯ.

ಪಡಸಾಲೆ ತುಂಬ ಬೀಗರು. ಜೋಗುಳಕ್ಕೆ ಮೊದಲು ನಿನ್ನ ಹಾಡೊಂದು ಆಗಲಿ ಎಂದು ಹೆಂಗಸರು ಪ್ರತಾಪನಿಗೆ ಗಂಟುಬಿದ್ದಿದ್ದರು. ಮಹಾನಂದಾ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೂಸನ್ನು ಮಲಗಿಸಲು ಬಾಗಿದ ಗಂಗಾ ಹಾಗೇ ನಿಂತಳು. ನಾಲ್ಕನೆಯ ಹಲಗೆಯ ಮೇಲೆ ಕಬ್ಬಿನ ಹೊಲ, ಹಳದಿ ಅಂಗಿಯವನ ಮುಷ್ಟಿಯಲ್ಲಿ ಹೆಣ್ಣೊಬ್ಬಳ ಕೈ, ನೆಲದಲ್ಲಿ ಹಸಿರು ಬಳೆಯ ಚೂರು, ರಕ್ತ.

“ಇದ್ಯಾವ ಕತಿ ಅಕ್ಕಾ?”

“ನಿಮ್ಮ ಯಜಮಾನ್ರ ಹಾಡಿನ ಕತಿರಿ. ಬಳಿ ಹೆಂಗ ಒಡದ್ವು ಅನ್ನೂದು ಅವರು ಹಾಡಿಲ್ಲ, ನಾ ಬರದೇನಿ.” ಮಹಾನಂದಾ ಸೆರಗು ಸರಿಸಿ ಮಣಿಕಟ್ಟು ಮುಂದೆ ಚಾಚಿದಳು.

ಗಂಗಾ ಆ ಗೆರೆ ನೋಡಿದಳು, ಗಂಡನ ಬಿಳಿಚಿದ ಮುಖ ನೋಡಿದಳು. ಕೂಸನ್ನು ಎದೆಗವಚಿಕೊಂಡು, “ಈಗ ಹಾಡ್ರಿ,” ಎಂದಳು.

ಪ್ರತಾಪ ಬಾಯಿ ತೆರೆಯಲಿಲ್ಲ. ಅದನ್ನು ಕಣ್ತುಂಬ ನೋಡಿಯೇ ಮಹಾನಂದಾ ಬಸ್ಸಿಗೆ ಹೊರಟಳು.