ದೊಡ್ಡ ಅಂಕಿಯ ಬಾವಿ

ನನ್ನ ತವರು ಮಾನ್ವಿ. ಜಾಲಹಳ್ಳಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅಕ್ಷರ, ಅಂಕಿ ಎರಡೂ ಕಲಿಸಿದ್ದು ನನ್ನ ಯಜಮಾನರು, ಯಮನೂರಪ್ಪ. ಬಾಯಿಂದ ಅವರ ಹೆಸರು ಹೇಳುವುದಿಲ್ಲ, ಬರೆದರೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ.

ರಾಯಚೂರಿನ ಕಚೇರಿಯೊಂದಕ್ಕಾಗಿ ಅವರು ಊರಿನ ಎರಡು ಬಾವಿ ಅಳೆಯುತ್ತಿದ್ದರು. ಒಂದು ನಮ್ಮ ಮನೆ ಮುಂದಿನದು, ಇನ್ನೊಂದು ಊರ ಕೊನೆಯ ಓಣಿಯಾದ ಗುಡ್ಡದೋಣಿಯದು. ತಿಂಗಳ ಮೊದಲ ದಿನ ಟೇಪಿನ ತುದಿಗೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಡುವುದು, ಅದು ನೀರು ಮುಟ್ಟಿದ ಸಪ್ಪಳ ಕೇಳಿದಾಗ ಕಟ್ಟೆಯ ಅಂಚಿಗೆ ಬಂದ ಅಂಕಿ ಬರೆಯುವುದು. ಎಪ್ಪತ್ತೆಂಟರಲ್ಲಿ ಅವರು ತೀರಿಹೋದರು. ಟೇಪು ನನ್ನ ಕೈಗೆ ಬಂತು. ಮಕ್ಕಳಿಲ್ಲ. ಬೇಸಿಗೆಯಲ್ಲಿ ಗುಡ್ಡದೋಣಿಯ ಬಾವಿ ಬತ್ತಿದಾಗ ಅಲ್ಲಿಯ ಹೆಂಗಸರು ನಮ್ಮ ಬಾವಿಗೆ ಬರುತ್ತಿದ್ದರು. ಪಾಳಿ ಬರುವ ತನಕ ನನ್ನ ಕಟ್ಟೆಯ ಮೇಲೆ ಕೂತು ಸೊಸೆಯಂದಿರನ್ನು ಬೈಯುತ್ತಿದ್ದರು. ವರ್ಷದಲ್ಲಿ ಆ ಎರಡು ತಿಂಗಳು ನನಗೆ ಮಾತು ಸಿಗುತ್ತಿತ್ತು.

ಎಂಬತ್ತಮೂರರಲ್ಲಿ ಊರಿಗೆ ಒಂದೇ ಒಂದು ಕೈ ಬೋರಿಂಗ್, ಅಂದರೆ ಕೈಪಂಪು, ಮಂಜೂರಾಯಿತು. ಎರಡು ಬಾವಿಗಳಲ್ಲಿ ಯಾವುದಕ್ಕೆ ನೀರು ಕಡಿಮೆಯೋ ಅದರ ಹತ್ತಿರ ಹಾಕಬೇಕು. ಶಿವರಾತ್ರಿ ಆದ ವಾರ ದೇವದುರ್ಗದಿಂದ ಹನುಮಂತ್ರಾಯ ಎಂಬ ಹೊಸ ಗುಮಾಸ್ತ ಬಂದ. ನಮ್ಮ ಹತ್ತು ವರ್ಷದ ಅಳತೆ ಪುಸ್ತಕಗಳಿಂದ ಒಂದೊಂದು ಬಾವಿಯ ಅತಿ ದೊಡ್ಡ ಅಂಕಿ, ಅತಿ ಸಣ್ಣ ಅಂಕಿ ತೆಗೆಯಬೇಕೆಂದ. ಗೆದ್ದಲು ತಿಂದ ಹಾಳೆಗಳು ಅವನಿಗೆ ತಿಳಿಯಲಿಲ್ಲ. ನಾನು ಬೆರಳಿಟ್ಟು ತಿಂಗಳು ತಿಂಗಳು ಓದಿದೆ, ಅವನು ಬರೆದುಕೊಂಡ. ಮಧ್ಯಾಹ್ನವಾಯಿತು. ನನ್ನ ಬಾವಿಯ ದೊಡ್ಡದು ಎಂಟು ಮೀಟರ್ ನಲವತ್ತು, ಸಣ್ಣದು ಒಂದು ಹತ್ತು. ಗುಡ್ಡದೋಣಿಯ ದೊಡ್ಡದು ಹದಿನೈದು ಅರವತ್ತೈದು, ಸಣ್ಣದು ಮೂರು ಇಪ್ಪತ್ತು.

ಹದಿನೈದರ ಕೆಳಗೆ ಅವನು ಗೆರೆ ಎಳೆದ. ಅಲ್ಲಿ ಹದಿನೈದು ಮೀಟರ್ ನೀರಿದೆ, ನಿನಗೆ ಬರೀ ಎಂಟು, ಬೋರಿಂಗ್ ನಿನ್ನ ಬಾಗಿಲಿಗೇ ಬಂತು ಎಂದು ಕಾಗದ ಮಡಚತೊಡಗಿದ.

ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಬೋರಿಂಗ್ ನನ್ನ ಬಾಗಿಲಲ್ಲಿದ್ದರೆ ಗುಡ್ಡದೋಣಿಯವರು ಹನ್ನೆರಡು ತಿಂಗಳೂ ಬರುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಂಬಿಗೆ ತುಂಬಿದರೂ ಅಲ್ಲೇ ನಿಂತಿದ್ದೆ. ಆಮೇಲೆ ಹೊರಗೆ ಬಂದೆ.

"ಯಪ್ಪಾ, ಅದು ನೀರಿನ ಅಳತಿ ಅಲ್ಲ. ನೀರು ಎಷ್ಟು ಕೆಳಗ ಹೋಗ್ಯಾದ ಅನ್ನೋದು. ಅಂಕಿ ದೊಡ್ಡದಾದಂಗ ನೀರು ಕಮ್ಮಿ."

"ಮನಿ ಮುಂದ ಬಂದ ಬೋರಿಂಗ್‌ನ ಒದಿಯಾಕತ್ತಿ ಅಲ್ಲ ಬೇ, ಯವ್ವಾ."

"ನಡಿ, ಟೇಪ್ ಬಿಡ್ತೀನಿ. ಅಂಕಿ ನೀನ ಹೇಳು."

ಗುಡ್ಡದೋಣಿಯ ಬಾವಿಯಲ್ಲಿ ಗುಂಡು ಇಳಿಯಿತು, ಇಳಿಯಿತು, ಹನ್ನೆರಡರ ಆಚೆ ಸಪ್ಪಳವಾಯಿತು. ಅವನು ಬಗ್ಗಿ ನೋಡಿದ. ಎಷ್ಟೋ ಕೆಳಗೆ ನೀರು ಊಟದ ಗಂಗಾಳದಷ್ಟೇ ಕಾಣುತ್ತಿತ್ತು. ಕಾಗದ ಬಿಚ್ಚಿ ಹದಿನೈದರ ಕೆಳಗಿನ ಗೆರೆಯನ್ನು ಹೊಡೆದುಹಾಕಿದ.

ಯುಗಾದಿಯೊಳಗೆ ಬೋರಿಂಗ್ ಗುಡ್ಡದೋಣಿಯಲ್ಲಿ ಕೂತಿತು. ಜಾಲಹಳ್ಳಿ ಸಂತೆಯಲ್ಲಿ ಗುಡ್ಡದೋಣಿಯ ಮಾರೆಮ್ಮ ಸಿಕ್ಕಳು.

"ಯವ್ವಾ, ಈಗ ಕೊಡ ಹೊತ್ತು ನಿನ್ನ ತನಕ ಬರೋದು ತಪ್ಪಿತು ನೋಡು."

ಚಲೋ ಆಯಿತು ಎಂದೆ. ಆಗಿದ್ದೂ ಚಲೋದೇ.

ಆ ವರ್ಷ ಮೇ ತಿಂಗಳ ಮೊದಲ ದಿನ ನನ್ನ ಬಾವಿಯ ಅಂಕಿ ಐದು ಮೀಟರ್ ಎಪ್ಪತ್ತು. ಹತ್ತು ವರ್ಷದ ಪುಸ್ತಕದಲ್ಲಿ ಯಾವ ಮೇ ತಿಂಗಳಲ್ಲೂ ಅಷ್ಟು ಸಣ್ಣ ಅಂಕಿ ಇರಲಿಲ್ಲ. ಗುಡ್ಡದೋಣಿಯಿಂದ ಬಂದು ಸೇದುವವರು ಯಾರೂ ಇರಲಿಲ್ಲ.