ಒಂದು ಆಯಿಲ್ ಬ್ರೇಕು, ಒಂದು ವಾಯರ್ ಬ್ರೇಕು

ಸೈಕಲ್ ರಿಪೇರಿಯವನು ಪಂಚಾಯ್ತಿಗೆ ಕೂರಬಾರದು. ನಾನು ಒಮ್ಮೆ ಕೂತೆ.

ಬ್ರೇಕು ನೋಡಬೇಕೆಂದು ಮಸಗುಪ್ಪಿಯ ಒಂದು ಮನೆಗೆ ಕರೆಸಿದ್ದರು. ಅಂಗಳದಲ್ಲಿ ಎರಡು ಹೊಸ ಗೇರ್ ಸೈಕಲ್ಲು, ಅವುಗಳ ಆಚೀಚೆ ಅಣ್ಣ ಮತ್ತು ತಮ್ಮ. ಇಬ್ಬರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸೈಕಲ್ಲುಗಳನ್ನು ಇಬ್ಬರ ಹೆಣ್ಣುಮಕ್ಕಳಿಗೂ ಕೊಡಿಸಿದ್ದು ಅವರ ಅವ್ವ.

"ಯಾವ್ದು ಚಲೋ ಐತಿ? ಖರೆ ಹೇಳ್ರಿ," ಎಂದ ತಮ್ಮ.

ಎರಡಕ್ಕೂ ಮುಂದೆ ಮಾತ್ರ ಕುಲುಕು ತಡೆಯುವ ಶಾಕ್. ನೀಲಿಯದರ ಶಾಕಿಗೆ ಲಾಕ್ ಇತ್ತು, ಕೆಂಪಿನದಕ್ಕೆ ಗೇರು ಹೆಚ್ಚಿದ್ದವು, ಅಲ್ಲಿಗಲ್ಲಿಗೆ ಸರಿ. ಆದರೆ ನೀಲಿಗೆ ಆಯಿಲ್ ಬ್ರೇಕು, ಕೆಂಪಿಗೆ ವಾಯರ್ ಬ್ರೇಕು. ಹಿಡಿತದಲ್ಲಿ ಆಯಿಲ್ಲೇ ಮೇಲು. ಇದ್ದದ್ದನ್ನು ಹೇಳಿಬಿಟ್ಟೆ.

ಕೆಂಪು ತಮ್ಮನ ಮಗಳದು. "ಈ ಮನ್ಯಾಗ ನನ್ನ ಮಗಳು ಕಡಿಮ್ಯಾದಳೇನು?" ಎಂದು ಅವನು ಅಣ್ಣನ ಮೈಮೇಲೇ ಹೋದ.

ಕಟ್ಟೆಯ ಮೇಲಿದ್ದ ಅವ್ವ ಎದ್ದಳು. "ಹೊಲದ ಪಾಲು ಮಾಡಿದಂಗ ಮಾಡ್ರಿ. ದೊಡ್ಡಾಂವ ಪಾಲು ಮಾಡ್ಲಿ, ಸಣ್ಣಾಂವ ಮೊದಲ ಆರಿಸ್ಕೊಳ್ಳಲಿ."

ಅಣ್ಣ ಬೆವೆತ. ಹಾಗೇ ಬಿಟ್ಟರೆ ತಮ್ಮ ನೀಲಿಯನ್ನೇ ಎತ್ತುತ್ತಾನೆ. "ಮುಂದಿನ ಬ್ರೇಕು ಅದಲಾಬದಲಿ ಮಾಡ್ರಿ," ಎಂದ ನನಗೆ.

ಒಂದು ತಾಸು ಪಾನಾ ತಿರುವಿದೆ. ನಾಲ್ಕು ಕಣ್ಣು ನನ್ನ ಕೈ ಬಿಟ್ಟು ಕದಲಲಿಲ್ಲ. ಕೊನೆಗೆ ಎರಡಕ್ಕೂ ಒಂದು ಆಯಿಲ್, ಒಂದು ವಾಯರ್ ಆಯಿತು. ಒಂದು ಒಳ್ಳೇ ಸೈಕಲ್ಲು ಕೆಟ್ಟಿತು, ಮನೆ ತಣ್ಣಗಾಯಿತು. ತಮ್ಮ ಎರಡನ್ನೂ ಸುತ್ತಿ ನೋಡಿ, ಕೆಂಪನ್ನೇ ಹಿಡಿದುಕೊಂಡು ಹೋದ.

ಚಹಾ ಕೊಡುವಾಗ ಅವ್ವ ಮೆಲ್ಲಗೆ ಕೇಳಿದಳು: "ಯಪ್ಪಾ, ನಮ್ಮ ಹೊಲದಾಗ ಬಾವಿ ಒಂದ ಐತಿ. ಅದನ್ನೂ ಹಿಂಗ ಬಿಚ್ಚಿ ಹಂಚಾಕ ಬರತೈತೇನು?"

ನಾನು ಪಾನಾಗಳನ್ನು ಚೀಲಕ್ಕೆ ತುಂಬಿದೆ. ಅಷ್ಟು ದೊಡ್ಡದು ನನ್ನಲ್ಲಿರಲಿಲ್ಲ.